ಕಲಾಯಿಯವರ ಮನೆಯ ಸಿಡಿ

ನರಗುಂದದ ಗುಡ್ಡದ ಬುಡಕ್ಕಿರುವ ಓಣಿಯಲ್ಲಿ ಕಲಾಯಿ ಮೈನುದ್ದೀನನ ಮನೆ ಯಾವುದು ಅಂತ ಕೇಳಿದರೆ ಆಡುವ ಮಕ್ಕಳೂ ಕೈಮಾಡಿ ತೋರಿಸುತ್ತವೆ. ಈಗಿನ ಕಾಲದಲ್ಲಿ ಕಲಾಯಿ ಯಾರಿಗೆ ಬೇಕು ಹೇಳಿ! ಸ್ಟೀಲು ಬಂದು ಅರ್ಧ ಕಸಬು ತಿಂದಿತು, ನಾನ್‌ಸ್ಟಿಕ್ ಬಂದು ಉಳಿದರ್ಧವನ್ನೂ ನುಂಗಿತು. ಆದರೂ ಮದುವೆಗಳ ಹಂಗಾಮಿನಲ್ಲಿ ಬಿರಿಯಾನಿಯ ದೊಡ್ಡ ದೇಗುಗಳು ಅವನ ತಿದಿಯ ಮುಂದೆ ಸಾಲು ಹಚ್ಚಿ ಕೂರುತ್ತವೆ. ಅವನು ಪಾತ್ರೆ ಕಾಯಿಸಿ, ನವಸಾಗರ ಉದುರಿಸಿ, ತವರದ ಕಡ್ಡಿ ತಾಗಿಸುತ್ತಾನೆ. ಪಕ್ಕದಲ್ಲಿ ಕೂತ ಹೆಂಡತಿ ಮುಮತಾಜಬಿ ಹತ್ತಿಯ ಉಂಡೆ ಹಿಡಿದು ಗುಂಡಗೆ ಒರೆಸುತ್ತಾಳೆ. ಕಪ್ಪು ಹಿಡಿದ ತಾಮ್ರ ನೋಡುನೋಡುತ್ತಿದ್ದಂತೆ ಬೆಳ್ಳಿಯ ಹಾಗೆ ಹೊಳೆಯುತ್ತದೆ. ಮದುವೆಯಾಗಿ ಬಂದಾಗಿನಿಂದ ಅವಳಿಗೆ ಇದೇ ಕೆಲಸ. ನಿದ್ದೆಯಲ್ಲೂ ಇವಳ ಕೈ ಗುಂಡಗೇ ತಿರುಗುತ್ತದೆ ಎಂದು ಮೈನುದ್ದೀನ ಛೇಡಿಸುವುದುಂಟು.

ಆ ಮನೆಯ ಕಪಾಟಿನಲ್ಲಿ ಚಿನ್ನ ಬೆಳ್ಳಿ ಇರಲಿಲ್ಲ. ಹಸಿರು ಬಟ್ಟೆಯಲ್ಲಿ ಸುತ್ತಿಟ್ಟ ಒಂದು ಸಿಡಿ ಇತ್ತು. ಒಬ್ಬಳೇ ಮಗಳು ಫರ್ಜಾನಾಳ ಮದುವೆಯ ಸಿಡಿ ಅದು. ಅಬ್ಬಿಗೇರಿಯ ಸಾಜೀದನಿಗೆ ಕೊಟ್ಟಿದ್ದರು. ಎರಡು ವರ್ಷ ತುಂಬುವುದರೊಳಗೆ ಹುಡುಗಿ ಕಾಮಾಲೆಯಾಗಿ ತೀರಿಕೊಂಡಳು. ಎದೆಹಾಲು ಬಿಡದ ಕೂಸು ಸಿಮ್ರಾನ ಅಜ್ಜಿಯ ಮಡಿಲಿಗೆ ಬಂತು. ಫೋಟೋಗಳೇನೋ ಇದ್ದವು. ಆದರೆ ಫರ್ಜಾನಾಳ ದನಿ ಈ ಭೂಮಿಯ ಮೇಲೆ ಉಳಿದದ್ದು ಆ ಸಿಡಿಯಲ್ಲಿ ಮಾತ್ರ. ಮಗಳನ್ನು ಗಂಡನ ಮನೆಗೆ ಕಳಿಸಿಕೊಡುವ ಹೊತ್ತಿನಲ್ಲಿ ಅವಳು ಕಾರಿನ ಕಿಟಕಿಯಿಂದ ಮುಖ ಹೊರಗೆ ಹಾಕಿ ತಾಯಿಗೆ ಏನೋ ಹೇಳಿದ್ದಳು. ಕ್ಯಾಮೆರಾದವನು ಪುಣ್ಯಾತ್ಮ, ಅದನ್ನು ಹತ್ತಿರದಿಂದ ಹಿಡಿದಿದ್ದ.

ಆ ಸಿಡಿಯನ್ನು ಮುಮತಾಜಬಿ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಹಾಕಿದಷ್ಟೂ ಸವೆಯುತ್ತದೆ ಎಂಬುದು ಅವಳ ಲೆಕ್ಕ. ಸಿಮ್ರಾನ ಇನ್ನೂ ಅಂಗನವಾಡಿಗೆ ಹೋಗುವಾಗ ಒಮ್ಮೆ ಪಕ್ಕದ ಮನೆಯ ಬಾಷಾನ ಪ್ಲೇಯರಿನಲ್ಲಿ ಹಾಕಿದ್ದರು. ಒಂದು ಕಡೆಯೂ ತಡವರಿಸದೆ ಓಡಿತು. ಹುಡುಗಿ ಮಾತ್ರ ಅರ್ಧಕ್ಕೇ ನಿದ್ದೆ ಹೋಗಿದ್ದಳು. ಅದಾದ ಮೇಲೆ ಬಾಷಾನ ಪ್ಲೇಯರು ಗುಜರಿಗೆ ಹೋಯಿತು, ಹೊಸ ಟಿವಿಗಳಿಗೆ ಸಿಡಿ ಹಾಕುವ ಬಾಯಿಯೇ ಇರಲಿಲ್ಲ. ಸಿಡಿ ಕಪಾಟಿನಲ್ಲೇ ಉಳಿಯಿತು. ಆದರೆ ಮಗಳು ಹೋದಾಗಿನಿಂದ ಪ್ರತಿ ಶುಕ್ರವಾರ ಮನೆಗೆ ಊದಿನ ಹೊಗೆ ಹಾಕಿದ ಮೇಲೆ ಮುಮತಾಜಬಿ ಅದನ್ನು ಹೊರಗೆ ತೆಗೆದು, ಬಾಯಿಂದ ಹಾ ಎಂದು ಉಸಿರು ಬಿಟ್ಟು, ಕಲಾಯಿಯ ಹತ್ತಿಯಿಂದಲೇ ಚೆನ್ನಾಗಿ ಒರೆಸಿ ಮತ್ತೆ ಸುತ್ತಿಡುತ್ತಿದ್ದಳು. ಕನ್ನಡಿಯಂತೆ ಹೊಳೆಯುವ ಆ ತಟ್ಟೆಯನ್ನು ನೋಡಿ ಮೈನುದ್ದೀನನಿಗೂ ಸಮಾಧಾನವಾಗುತ್ತಿತ್ತು. ಹೊಳೆಯುವ ಪಾತ್ರೆ ಗಟ್ಟಿ ಪಾತ್ರೆ ಎಂದೇ ಅವನು ಜೀವನವಿಡೀ ನಂಬಿದ್ದ.

ಈಗ ಸಿಮ್ರಾನಳ ನಿಕಾಹ್ ಗೊತ್ತಾಗಿತ್ತು. ಗಂಡು ಗಜೇಂದ್ರಗಡದವನು. ಬಟ್ಟೆ ಬೇಕೇ, ಬಳೆ ಬೇಕೇ ಎಂದು ಕೇಳಿದರೆ ಹುಡುಗಿ ಒಂದೇ ಮಾತು ಹೇಳಿದಳು.

"ಹಳದಿ ದಿನ ನನಗ ಅಮ್ಮೀದು ದನಿ ಕೇಳಸ್ರಿ. ಮತ್ತೇನೂ ಬ್ಯಾಡ."

"ಅದೇನು ದೊಡ್ಡ ಮಾತವ್ವ? ನಿನ್ನ ಸಲುವಾಗೇ ಇಟ್ಟೀನಿ. ಇಷ್ಟು ವರ್ಷ ಧೂಳ ಕುಂಡ್ರಗೊಟ್ಟಿಲ್ಲ ಅದರ ಮ್ಯಾಲ," ಎಂದಳು ಮುಮತಾಜಬಿ. ಅವಳ ಮುಖದಲ್ಲಿ ಆ ದಿನ ಇದ್ದ ಹೆಮ್ಮೆಯನ್ನು ಮೈನುದ್ದೀನ ಬಹಳ ದಿನದಿಂದ ಕಂಡಿರಲಿಲ್ಲ.

ಪೆನ್‌ಡ್ರೈವಿಗೆ ಹಾಕಿಸಿದರೆ ಬಾಷಾನ ಟಿವಿಯಲ್ಲಿ ನೋಡಬಹುದು ಎಂದಾಯಿತು. ಹಳದಿಯ ಹಿಂದಿನ ದಿನ ಮೈನುದ್ದೀನ ಸಿಡಿಯನ್ನು ಎದೆಗವಚಿಕೊಂಡು ರೋಣದ ಬಸ್ಸು ಹತ್ತಿದ. ಆ ಮದುವೆಗೆ ಕ್ಯಾಮೆರಾ ಹಿಡಿದಿದ್ದ ಹಾಲೇಶನ ಸ್ಟುಡಿಯೋ ರೋಣದಲ್ಲಿತ್ತು. ಆಗ ಹೆಗಲ ಮೇಲೆ ಒಲೆಯಷ್ಟು ದೊಡ್ಡ ಕ್ಯಾಮೆರಾ ಹೊತ್ತು ತಿರುಗುತ್ತಿದ್ದ ಹುಡುಗ ಈಗ ಹೊಟ್ಟೆ ಬಿಟ್ಟು, ಡ್ರೋನ್ ಹಾರಿಸುತ್ತ, ಬ್ಯಾನರ್ ಮುದ್ರಿಸುತ್ತ ಜೋರಾಗಿದ್ದ. ಹಳೇ ಗಿರಾಕಿಯ ಗುರುತು ಹಿಡಿದು ಚಹಾ ತರಿಸಿದ.

ಮೂಲೆಯ ಹಳೇ ಕಂಪ್ಯೂಟರಿಗೆ ಸಿಡಿ ಹಾಕಿದ ಕೂಡಲೆ ಪರದೆಯ ಮೇಲೆ ಮದುವೆ ಎದ್ದು ಕೂತಿತು. ಕಪ್ಪು ಗಡ್ಡದ ಮೈನುದ್ದೀನ ದೇಗಿನ ಮುಚ್ಚಳ ತೆಗೆದು ನಗುತ್ತಿದ್ದ. ಫರ್ಜಾನಾ ಮೆಹಂದಿಯ ಕೈ ತೋರಿಸುತ್ತಿದ್ದಳು. ತಾನು ಇಷ್ಟು ಚೆಂದ ಇದ್ದೆನೇ ಎಂದು ಮುದುಕನಿಗೆ ನಾಚಿಕೆಯಾಯಿತು. ಊಟ ಮುಗಿಯಿತು, ಕಾರು ಬಂತು. ಅಲ್ಲಿಂದ ಚಿತ್ರ ಚೌಕ ಚೌಕವಾಗಿ ಒಡೆಯತೊಡಗಿತು. ಫರ್ಜಾನಾಳ ಮುಖ ಕಿಟಕಿಯಿಂದ ಹೊರಬಂತು.

"ಅಮ್ಮೀ..."

ಅಷ್ಟೇ. ತೆರೆದ ಬಾಯಿ ತೆರೆದ ಹಾಗೆಯೇ ನಿಂತಿತು.

ಹಾಲೇಶ ತೆಗೆದು ಮತ್ತೆ ಹಾಕಿದ. ನಿಧಾನವಾಗಿ ಓದಿಸಿದ. ಒಳಗಿನಿಂದ ಇನ್ನೊಂದು ಡ್ರೈವು ತಂದು ಜೋಡಿಸಿದ. ಪ್ರತಿ ಸಲ ಫರ್ಜಾನಾ ಅಮ್ಮೀ ಎನ್ನುತ್ತಿದ್ದಳು, ಪ್ರತಿ ಸಲ ಅಲ್ಲೇ ನಿಲ್ಲುತ್ತಿದ್ದಳು. ಕೊನೆಗೆ ಅವನು ಸಿಡಿಯನ್ನು ಹೊರಗೆ ತೆಗೆದು ಟ್ಯೂಬ್‌ಲೈಟಿನ ಕೆಳಗೆ ಓರೆಯಾಗಿ ಹಿಡಿದ. ಆ ಹೊಳಪಿನೊಳಗೆ ಕೂದಲೆಳೆಯಂಥ ಗೆರೆಗಳಿದ್ದವು. ಒಂದರೊಳಗೆ ಒಂದು, ಅದರೊಳಗೆ ಇನ್ನೊಂದು, ಎಲ್ಲವೂ ಗುಂಡಗಿದ್ದವು. ಅಂಚಿನ ಕಡೆಗೆ ಹೋದಷ್ಟೂ ಒತ್ತಾಗಿದ್ದವು.

"ಚಾಚಾ, ಇದನ್ನ ಯಾರು ಒರಸೂದು?"

ಮೈನುದ್ದೀನನಿಗೆ ಉತ್ತರ ಹುಡುಕಬೇಕಾಗಿರಲಿಲ್ಲ. ಆ ಗೆರೆಗಳ ಗುರುತು ಅವನಿಗಿಂತ ಚೆನ್ನಾಗಿ ಯಾರಿಗಿರಬೇಕು? ಅವನ ಮನೆಯಿಂದ ಹೊರಬಿದ್ದ ಪ್ರತಿ ದೇಗಿನ ತಳದಲ್ಲೂ ಅವೇ ಗೆರೆಗಳು ಇರುತ್ತವೆ. ಮೊದಲು ಪಾತ್ರೆಯನ್ನು ಮರಳಿನಿಂದ ತಿಕ್ಕುತ್ತಾರೆ, ಆ ಮರಳಿನ ನುಣ್ಣನೆಯ ಕಣ ಹತ್ತಿಯಲ್ಲಿ ಉಳಿದೇ ಉಳಿಯುತ್ತದೆ. ತಾಮ್ರಕ್ಕೆ ಅದರಿಂದ ಏನೂ ಆಗುವುದಿಲ್ಲ.

"ನಾನ," ಎಂದ ಮೈನುದ್ದೀನ.

"ಅಯ್ಯ ಚಾಚಾ! ಗುಂಡಗ ಯಾಕ ಒರಸಿದ್ರಿ? ನಡುವಿನಿಂದ ಅಂಚಿಗೆ ನೆಟ್ಟಗ ಒರಸಬೇಕು. ಒರಸದ ಇದ್ದಿದ್ರೂ ನಡೀತಿತ್ತು. ಧೂಳ ಕುಂತಿದ್ರ ಒಂದ್ಸಲ ಊದಿದ್ರ ಮುಗೀತಿತ್ತು."

"ಸ್ವಚ್ಛ ಇರ್ಲಿ ಅಂತ ಒರಸಿದ್ನಪಾ. ಗೆರಿ ಬಿದ್ರ ಏನಾತು? ಅಡ್ಡ ಗೆರಿ ಬಿದ್ದ ಸಿಡಿ ಎಷ್ಟೋ ಓಡೂದು ನೋಡೀನಿ."

ಹಾಲೇಶ ಕುರ್ಚಿ ಎಳೆದುಕೊಂಡು ಕೂತ. ಅವನಿಗೆ ಹೇಳುವ ಚಟ ಇತ್ತು, ಮುದುಕನ ಮುಖ ನೋಡಿ ಅದಕ್ಕೆ ಸ್ವಲ್ಪ ಕರುಣೆಯೂ ಸೇರಿತು.

"ಅಡ್ಡ ಬಿದ್ರ ಓಡ್ತದ್ರಿ. ಯಾಕಂದ್ರ ಇದರಾಗ ಬರೇ ಹಾಡು ಮಾತು ಇಟ್ಟಿರೂದಿಲ್ಲ, ತಪ್ಪಾದ್ರ ತಿದ್ದಿಕೊಳ್ಳೂ ಲೆಕ್ಕಾನೂ ಸಂಗಾಟ ಇಟ್ಟಿರ್ತಾರ. ಈಗ ನಿಮ್ಮ ಅಂಗಳದಾಗ ಪಾತ್ರಿ ಸಾಲಾಗಿ ಇಟ್ಟೀರಿ ಅನ್ರಿ. ಒಂದೊಂದರ ಮ್ಯಾಲ ಅದರ ತೂಕ ಸೀಮೆಸುಣ್ಣದಾಗ ಬರದೀರಿ. ಅಡ್ಡ ಸಾಲಿನ ಒಟ್ಟು ತೂಕ ಬಾಜೂಕ, ಉದ್ದ ಸಾಲಿನ ಒಟ್ಟು ತೂಕ ಕೆಳಗ. ಒಂದು ಪಾತ್ರಿ ಮ್ಯಾಲಿಂದು ಅಳಿಸಿ ಹೋತು. ಏನ ಮಾಡ್ತೀರಿ?"

"ಒಟ್ಟಿನಾಗ ಉಳದದ್ದು ಕಳೀತೀನಿ."

"ಹೌದಲ್ರಿ? ಸಿಕ್ಕಬಿಡ್ತದ. ಅಳಿಸಿಲ್ಲ, ಯಾರೋ ತಪ್ಪು ಬರದಾರ ಅಂದ್ರೂ ಅಡ್ಡ ಒಟ್ಟು ಎಲ್ಲಿ ತಪ್ತದ, ಉದ್ದ ಒಟ್ಟು ಎಲ್ಲಿ ತಪ್ತದ, ಎರಡೂ ಕೂಡೂ ಪಾತ್ರೀನ ಕಳ್ಳ. ಈ ಮಷಿನ್ನೂ ಹಂಗ ಮಾಡ್ತದ. ಮತ್ತ ಒಂದು ಮಾತನ್ನ ಒಂದ ಕಡಿ ಇಡೂದಿಲ್ಲ, ಚೂರು ಮಾಡಿ ದೂರ ದೂರ ಚೆಲ್ಲಿರ್ತಾರ. ಒಂದು ಕಡಿ ಗಾಯ ಆದ್ರ ಎಲ್ಲಾ ಮಾತಿಂದೂ ಒಂದೊಂದು ಚೂರು ಹೋಗ್ತದ, ಯಾವ ಮಾತೂ ಪೂರಾ ಹೋಗೂದಿಲ್ಲ."

"ಹಂಗಾರ ಇದ್ಯಾಕ ಹೋತು?"

"ಸಿಡಿ ಅಂದ್ರ ಒಂದ ಉದ್ದನ್ನ ಸಾಲು ಚಾಚಾ, ನಡುವಿನಿಂದ ಅಂಚಿನ ತನಕ ಸುತ್ತಿ ಸುತ್ತಿ ಇಟ್ಟದ್ದು, ಕಡೀ ಮಾತು ಅಂಚಿನ್ಯಾಗ. ಕೂರಿಗಿಲೆ ಬಿತ್ತಿದ ಹೊಲ ಇರ್ತದಲ್ಲ, ಅದರಾಗ ಎತ್ತು ಅಡ್ಡ ಹಾದು ಹೋದ್ರ ಸಾಲಿಗೊಂದು ಸಸಿ ಮುರೀತದ, ಪೀಕು ಉಳೀತದ. ಅದ ಎತ್ತು ಸಾಲು ಹಿಡಿದು ಉದ್ದಕ್ಕ ನಡದ್ರ? ಸಾಲಿಗೆ ಸಾಲ ಹೋತು. ಗುಂಡಗ ಒರಸಿದ್ದು ಸಾಲು ಹಿಡಿದು ತುಳದಂಗ. ಪಾತ್ರೀನೂ ಅಳಿಸಿ, ಒಟ್ಟೂ ಅಳಿಸಿದ್ರ ಯಾವದರಾಗ ಯಾವದು ಕಳೀತೀರಿ?"

ಮೈನುದ್ದೀನ ಸಿಡಿಯನ್ನು ತಾನೂ ಬೆಳಕಿಗೆ ಹಿಡಿದು ನೋಡಿದ. ಆಮೇಲೆ ನೆನಪಾಯಿತು.

"ಆದ್ರ ಬಾಷಾನ ಮನ್ಯಾಗ ಹಾಕಿದಾಗ ಚಲೋ ಓಡಿತ್ತಲ್ಲೋ? ಅವಾಗೂ ಒರಸಾಕ ಹತ್ತಿ ಎರಡು ಮೂರು ವರ್ಷ ಆಗಿತ್ತು."

"ಅದ ನೋಡ್ರಿ ಇದರ ಕೆಟ್ಟ ಗುಣ. ಅವಾಗೂ ಗಾಯ ಆಗಿತ್ತು. ಮಷಿನ್ ಒಳಗಿಂದೊಳಗ ತಿದ್ದಿಕೊಂಡು ನಿಮಗ ಚಲೋದ ತೋರಸ್ತದ. ತಿದ್ದೂ ತಾಕತ್ತು ಇರೂ ತನಕ ಒಂದು ಮಾತು ಹೇಳೂದಿಲ್ಲ. ತಾಕತ್ತು ಮುಗೀತು ಅಂದ್ರ ಒಮ್ಮಿಗೇ ನಿಂತಬಿಡ್ತದ. ತಪ್ಪಾಗೈತಿ ಅನ್ನೂದು ಈಗೂ ಅದಕ್ಕ ಗೊತ್ತೈತ್ರಿ. ಖರೇ ಏನಿತ್ತು ಅನ್ನೂದು ಗೊತ್ತಿಲ್ಲ."

ಈ ಮಾತು ಮೈನುದ್ದೀನನ ಎದೆಗೆ ನೇರ ಬಡಿಯಿತು. ಅಬ್ಬಿಗೇರಿಗೆ ಫೋನು ಮಾಡಿದಾಗಲೆಲ್ಲ ಫರ್ಜಾನಾ ಕೂಡ ಚಲೋ ಅದೀನಿ ಅಬ್ಬಾ ಎನ್ನುತ್ತಿದ್ದಳು. ಜ್ವರ ಬಂದಾಗಲೂ ಚಲೋ, ಊಟ ಸೇರದಾಗಲೂ ಚಲೋ. ಅವರು ಹೋಗಿ ನೋಡಿದಾಗ ಕಣ್ಣು ಅರಿಸಿನವಾಗಿತ್ತು. ಗದಗಿನ ದವಾಖಾನೆಗೆ ಒಯ್ಯುವ ಹೊತ್ತಿಗೆ ಡಾಕ್ಟರು ತಲೆ ಅಲ್ಲಾಡಿಸಿದರು. ಯಾರ ಮೇಲೆ ಸಿಟ್ಟು ಮಾಡಬೇಕು? ಸಾಜೀದನೂ ಅವಳ ಆ ಚಲೋ ಎಂಬ ಮಾತನ್ನೇ ನಂಬಿದವನು.

"ನಿನ್ನ ಹಂತ್ಯಾಕ ಅಸಲೀದು ಇಲ್ಲೇನು?"

"ಕ್ಯಾಮೆರಾದ ಕ್ಯಾಸೆಟ್ಟಿನ ಮ್ಯಾಲ ಮುಂದಿನ ವಾರಾನ ಬ್ಯಾರೆ ಮದುವಿ ತಗದಿರ್ತೀವ್ರಿ. ಅವಾಗ ಎಲ್ಲಾ ಸ್ಟುಡಿಯೋದವರದೂ ಅದ ಪದ್ಧತಿ." ಹಾಲೇಶ ಸ್ವಲ್ಪ ಯೋಚಿಸಿ ಅಂದ, "ಇನ್ನೊಂದು ಕಾಪಿ ಕೊಟ್ಟಿದ್ನಲ್ಲ, ಗಂಡಿನ ಮನಿಗೆ? ಅದು ಕೆಟ್ಟಿದ್ರೂ ಅಡ್ಡಿಯಿಲ್ಲ ತರ್ರಿ. ಎರಡೂ ಒಂದ ಜಾಗಾದಾಗ ಕೆಟ್ಟಿರೂದಿಲ್ಲ. ಇದರಾಗ ಇಲ್ಲದ್ದು ಅದರಾಗ, ಅದರಾಗ ಇಲ್ಲದ್ದು ಇದರಾಗ ತಗದು ಕೂಡಸ್ತೀನಿ."

ಮುದುಕನಿಗೆ ಹೋದ ಜೀವ ಬಂದಂತಾಯಿತು. ಚಹಾ ಅರ್ಧಕ್ಕೇ ಬಿಟ್ಟು ಅಬ್ಬಿಗೇರಿಯ ಟಂಟಂ ಆಟೋ ಹತ್ತಿದ.

ಸಾಜೀದ ಮನೆಯಲ್ಲಿರಲಿಲ್ಲ, ಹೊಲದಲ್ಲಿದ್ದ. ಅವನಿಗೀಗ ಬೇರೆ ಹೆಂಡತಿ, ಬೇರೆ ಮಕ್ಕಳು. ಆದರೂ ಹಬ್ಬಕ್ಕೊಮ್ಮೆ ನರಗುಂದಕ್ಕೆ ಬಂದು ಮಗಳನ್ನು ನೋಡಿ ಹೋಗುವಷ್ಟು ಅಂತಃಕರಣ ಇದ್ದವನು. ಮಾವನನ್ನು ಕಂಡು ಕೈಯ ಮಣ್ಣು ಝಾಡಿಸಿಕೊಂಡು ಓಡಿ ಬಂದ. ಎರೆ ಹೊಲದಲ್ಲಿ ಬಿಳಿಜೋಳ ಹಾಲುಗಾಳು ಹಿಡಿದಿತ್ತು. ಗುಬ್ಬಿಗಳು ಹಿಂಡುಗಟ್ಟಿ ಏಳುತ್ತಿದ್ದವು, ಕೂರುತ್ತಿದ್ದವು.

ಸಿಡಿ ಎಂದು ಕೇಳಿದ ಕೂಡಲೆ ಸಾಜೀದನ ಮುಖ ಇಳಿದುಹೋಯಿತು.

"ಮಾಮೂ, ಹ್ವಾದ ವರ್ಷ ಮನಿ ಕೆಡವಿ ಕಟ್ಟಿದ್ವಿ. ಅವಾಗ ಒಂದು ಡಬ್ಬಿ ತುಂಬ ಹಳೇ ಸಿಡಿ ಸಿಕ್ಕಿದ್ವು. ನೋಡಾಕ ಮಷಿನ್ ಇಲ್ಲ, ಏನೂ ಇಲ್ಲ. ಮ್ಯಾಲ ಬರದದ್ದೂ ಅಳಿಸಿತ್ತು..."

ಮುಂದೆ ಹೇಳಲಾಗದೆ ಅವನು ಹೊಲದ ಕಡೆ ನೋಡಿದ. ಮೈನುದ್ದೀನನೂ ನೋಡಿದ. ಜೋಳದ ತೆನೆಗಳ ಮೇಲೆ ಗೂಟದಿಂದ ಗೂಟಕ್ಕೆ ದಾರ ಕಟ್ಟಿತ್ತು. ದಾರದುದ್ದಕ್ಕೂ ಸಿಡಿಗಳು ಗಾಳಿಗೆ ತಿರುಗುತ್ತಿದ್ದವು. ಹಕ್ಕಿ ಹೆದರಿಸಲು ಈಗ ಸುತ್ತಲಿನ ಎಲ್ಲ ಹೊಲಗಳಲ್ಲೂ ಹೀಗೇ ಕಟ್ಟುತ್ತಾರೆ. ಬಿಸಿಲಿಗೆ ಅವು ಫಳ್ ಅಂದರೆ ಗುಬ್ಬಿ ಹತ್ತಿರ ಸುಳಿಯುವುದಿಲ್ಲ ಎನ್ನುತ್ತಾರೆ.

ಇಬ್ಬರೂ ಒಂದೊಂದನ್ನೇ ಬಿಚ್ಚಿದರು. ಒಂದು ವರ್ಷದ ಬಿಸಿಲು ಮಳೆ ಕುಡಿದು ಅವುಗಳ ಬೆಳ್ಳಿ ಹೊಟ್ಟು ಹೊಟ್ಟಾಗಿ ಉದುರಿತ್ತು. ಮದುವೆಯದು ಇದೇ ಇರಬೇಕು ಎಂದು ಸಾಜೀದ ಅನುಮಾನದಿಂದ ಕೊಟ್ಟದ್ದನ್ನು ಕಣ್ಣಿಗೆ ಹಿಡಿದರೆ ಆಚೆಗಿನ ಜೋಳ ಕಾಣುತ್ತಿತ್ತು. ಕಲಾಯಿ ಹೋದ ಪಾತ್ರೆ ಎಷ್ಟೇ ಹಾಳಾಗಿರಲಿ, ಮೈನುದ್ದೀನ ಮತ್ತೆ ಬೆಳ್ಳಗೆ ಮಾಡಿ ಕೊಟ್ಟಿದ್ದ. ಇದಕ್ಕೆ ಮಾಡುವಂಥದ್ದು ಅವನ ತಿದಿಯಲ್ಲಿ ಏನೂ ಇರಲಿಲ್ಲ.

"ನನಗ ಗೊತ್ತಿದ್ರ ಕಟ್ತಿದ್ದಿಲ್ಲ ಮಾಮೂ," ಎಂದು ಸಾಜೀದ ಹುಡುಗನ ಹಾಗೆ ಅತ್ತ.

"ಗೊತ್ತಪಾ. ಯಾರಿಗೂ ಗೊತ್ತಿರಲಿಲ್ಲ," ಎಂದ ಮೈನುದ್ದೀನ. "ಫರ್ಜಾನಾ ಅವತ್ತು ಕಾರಿನ್ಯಾಗ ಕುಂತು ಏನಂದ್ಲು, ನಿನಗರ ನೆನಪೈತೇನು?"

ಅಂದು ಸಾಜೀದ ಕಾರಿನಲ್ಲಿ ಅವಳ ಪಕ್ಕದಲ್ಲೇ ಕೂತಿದ್ದ.

"ಬ್ಯಾಂಡು ಜೋರಿತ್ತು ಮಾಮೂ," ಎಂದ.

ಸಂಜೆ ರೋಣಕ್ಕೆ ಮರಳಿದಾಗ ಹಾಲೇಶ ಬಂದಷ್ಟನ್ನು ಪೆನ್‌ಡ್ರೈವಿಗೆ ಹಾಕಿಟ್ಟಿದ್ದ. ಅಬ್ಬಿಗೇರಿಯಿಂದ ತಂದ, ಪಾರದರ್ಶಕವಾದ ಆ ಸಿಡಿಯನ್ನು ಕೈಗೆ ತೆಗೆದುಕೊಂಡು ನೋಡಿ ಮೇಜಿನ ಮೇಲಿಟ್ಟ. ನಿಮ್ಮ ಸಿಡಿಯನ್ನು ಇನ್ನು ಒರೆಸಬೇಡಿ ಚಾಚಾ, ಅಂಚಿನಲ್ಲಿ ಒಂದಿಷ್ಟು ಜೀವ ಉಳಿದಿರಬಹುದು, ಬೆಂಗಳೂರಿನಲ್ಲಿ ಯಾರಾದರೂ ದೊಡ್ಡ ಮಷಿನ್ ಇಟ್ಟವರನ್ನು ಕೇಳಿ ನೋಡುತ್ತೇನೆ ಎಂದ. ಆ ಮಾತಿನಲ್ಲಿ ಅವನಿಗೇ ಭರವಸೆ ಇದ್ದಂತಿರಲಿಲ್ಲ.

ನರಗುಂದದ ದಾರಿಯುದ್ದಕ್ಕೂ ಮೈನುದ್ದೀನ ಮನಸ್ಸಿನಲ್ಲೇ ಮಾತು ಕಟ್ಟಿದ. ಹೇಳಿದರೆ ಮುಮತಾಜಬಿಯ ಕೈ ಮುರಿದು ಹಾಕಿದಂತೆ. ಹದಿನೇಳು ಹದಿನೆಂಟು ವರ್ಷದ ಶುಕ್ರವಾರಗಳು! ಅವಳು ಮಗಳಿಗಾಗಿ ಮಾಡಿದ ಒಂದೇ ಚಾಕರಿ ಅದು, ಅದೇ ಮಗಳ ಬಾಯಿ ಮುಚ್ಚಿಸಿತು ಎಂದು ಯಾವ ನಾಲಿಗೆಯಿಂದ ಹೇಳುವುದು? ಹೇಳದಿದ್ದರೆ ಅವಳು ಒರೆಸುತ್ತಲೇ ಇರುತ್ತಾಳೆ. ಬಸ್ಸು ಇಳಿಯುವ ಹೊತ್ತಿಗೆ ಅವನು ಕಟ್ಟಿದ ಮಾತೆಲ್ಲ ಬಿಚ್ಚಿಹೋಗಿತ್ತು. ಪೆನ್‌ಡ್ರೈವಿನಲ್ಲಿ ಹಾಕಿಸಿ ತಂದಿದ್ದೇನೆ ಎಂದಷ್ಟೇ ಹೇಳಿ, ಸಿಡಿಯನ್ನು ತಾನೇ ಕಪಾಟಿನಲ್ಲಿಟ್ಟ.

ಮರುದಿನ ಹಳದಿ. ಬಾಷಾ ತನ್ನ ಟಿವಿಯನ್ನೇ ಹೊತ್ತು ತಂದು ಪಡಸಾಲೆಯಲ್ಲಿ ನಿಲ್ಲಿಸಿದ. ಓಣಿಯ ಹೆಂಗಸರು ತುಂಬಿಕೊಂಡರು. ಎದುರುಮನೆಯ ಗೌರವ್ವ ಕೂಡ ಕೈಯಲ್ಲಿ ಅರಿಸಿನದ ಬಟ್ಟಲು ಹಿಡಿದು ಬಂದು ಕೂತಳು. ಮುಖ ಕೈಗೆಲ್ಲ ಅರಿಸಿನ ಮೆತ್ತಿಸಿಕೊಂಡ ಸಿಮ್ರಾನ ಎಲ್ಲರಿಗಿಂತ ಮುಂದೆ, ಪರದೆಗೆ ಮೂಗು ತಾಗುವಷ್ಟು ಹತ್ತಿರ ಕೂತಿದ್ದಳು.

ಹಳೇ ಮದುವೆ ಓಡಿತು. ಹೆಂಗಸರು ಸತ್ತವರನ್ನು ಇದ್ದವರನ್ನು ಗುರುತಿಸುತ್ತ, ತಮ್ಮ ತಮ್ಮ ತೆಳ್ಳಗಿನ ಸೊಂಟ ನೋಡಿ ನಗುತ್ತ ಗದ್ದಲವೆಬ್ಬಿಸಿದರು. ಕಾರು ಬಂದಾಗ ತಾವಾಗಿಯೇ ಸುಮ್ಮನಾದರು. ಮೈನುದ್ದೀನ ಬಾಗಿಲ ಬಳಿ ನಿಂತು ನೆಲ ನೋಡುತ್ತಿದ್ದ.

"ಅಮ್ಮೀ..."

ಚಿತ್ರ ನಿಂತಿತು. ಸಿಮ್ರಾನ ಕಾದಳು. ಬಾಷಾ ರಿಮೋಟು ಒತ್ತಿದ, ಪೆನ್‌ಡ್ರೈವು ಕಿತ್ತು ಮತ್ತೆ ಸಿಗಿಸಿದ. ಮತ್ತೆ ಅಮ್ಮೀ. ಮತ್ತೆ ನಿಂತಿತು. ಹುಡುಗಿ ತಾಯಿಯ ತೆರೆದ ಬಾಯಿಯನ್ನೇ ನೋಡುತ್ತಿದ್ದಳು. ಕೆನ್ನೆಯ ಅರಿಸಿನದಲ್ಲಿ ನೀರಿನ ದಾರಿ ಬಿದ್ದಿತ್ತು.

"ನಾನಾ, ನೀವರ ಹೇಳ್ರಿ. ಮುಂದ ಏನಂದ್ಲು ಅಮ್ಮೀ?"

ಅಜ್ಜ ಮೈನುದ್ದೀನನಿಗೆ ಗೊತ್ತಿರಲಿಲ್ಲ. ಮಗಳು ಹೊರಟ ಆ ಹೊತ್ತಿನಲ್ಲಿ ಅಳು ಯಾರಿಗೂ ಕಾಣಬಾರದೆಂದು ಅವನು ದೇಗುಗಳ ಹಿಂದೆ ಹೋಗಿ ನಿಂತಿದ್ದ. ಬಾಷಾನ ಮನೆಯಲ್ಲಿ ಹಾಕಿದಾಗಲೂ ಅದೇ ಜಾಗಕ್ಕೆ ಎದ್ದು ಹೊರಗೆ ಹೋಗಿದ್ದ. ಸಿಡಿ ಇದೆಯಲ್ಲ, ಎಂದಾದರೂ ಕೇಳಿದರಾಯಿತು ಎಂದುಕೊಂಡಿದ್ದ.

"ನಾನಿ, ನೀವು?"

"ನಾ ಹೇಳಿದ್ರ ಅಕಿ ಹೇಳಿದಂಗ ಆಗ್ತದೇನು?" ಮುಮತಾಜಬಿ ಆಗಲೇ ಎದ್ದು ಕಪಾಟಿನ ಹತ್ತಿರ ಹೋಗಿದ್ದಳು. ಅವಳ ಮುಖದಲ್ಲಿ ಗಾಬರಿಯಿರಲಿಲ್ಲ. "ಈ ಬೆರಳಷ್ಟು ಡಬ್ಬೀನ ನಂಬಬಾರದು ಅಂತ ನಾ ಮೊದಲ ಅಂದಿದ್ದೆ. ಬಾಷಾ, ಯಾರ ಮನ್ಯಾಗರ ಹಳೇ ಮಷಿನ್ ಐತೇನು ನೋಡಿ ಬಾರೋ. ಅಸಲೀದು ನನ್ನ ಹಂತ್ಯಾಕ ಗಟ್ಟಿ ಐತಿ."

ಬಾಷಾ ಹೊರಗೆ ಓಡಿದ. ಅವಳು ಹಸಿರು ಬಟ್ಟೆ ಬಿಚ್ಚಿ, ಮಡಿಲಲ್ಲಿ ಸಿಡಿ ಇಟ್ಟುಕೊಂಡು, ಡಬ್ಬಿಯಿಂದ ಕಲಾಯಿಯ ಹತ್ತಿ ತೆಗೆದಳು.

"ಮುಮತಾಜ, ಬ್ಯಾಡ," ಎಂದ ಮೈನುದ್ದೀನ. "ಒರಸೂದ ಆದ್ರ... ನಡುವಿನಿಂದ ಅಂಚಿಗೆ, ನೆಟ್ಟಗ ಒರಸು."

ಹೆಂಗಸರ ನಡುವೆ ಅವಳು ಗೊಳ್ಳೆಂದು ನಕ್ಕಳು.

"ನೋಡವ್ವ ಗೌರವ್ವ, ಈ ವಯಸ್ಸಿನಾಗ ನನಗ ಒರಸೂದು ಕಲಸಾಕ ಬಂದಾನ! ನೀನ ಅಲ್ಲೇನು ಕಲಿಸಿದಾಂವ, ಗುಂಡಗ ಒರಸಿದ್ರ ಹೊಳಪು ಬರ್ತದ ಅಂತ?"

ಹೌದು, ಅವನೇ ಕಲಿಸಿದ್ದ. ಮದುವೆಯಾದ ಹೊಸದರಲ್ಲಿ, ಅವಳ ಬಳೆ ತುಂಬಿದ ಕೈ ಮೇಲೆ ತನ್ನ ಕೈಯಿಟ್ಟು ತಿರುಗಿಸಿ ತೋರಿಸಿದ್ದ. ಈಗ ಆ ಕೈಯನ್ನು ಹಿಡಿದು ನಿಲ್ಲಿಸಲು ಎರಡು ಹೆಜ್ಜೆ ಸಾಕಾಗಿತ್ತು. ಹಿಡಿದರೆ ಯಾಕೆ ಎಂದು ಕೇಳುತ್ತಾಳೆ. ಅವನು ಬಾಗಿಲ ಚೌಕಟ್ಟು ಹಿಡಿದು ಅಲ್ಲೇ ನಿಂತ.

ಮುಮತಾಜಬಿ ಸಿಡಿಯ ಮೇಲೆ ಹಾ ಎಂದು ಉಸಿರು ಬಿಟ್ಟಳು.

"ಅಳಬ್ಯಾಡ ನನ ಬಂಗಾರ," ಎಂದಳು ಮೊಮ್ಮಗಳಿಗೆ. ಹತ್ತಿ ಹಿಡಿದ ಕೈ ಗುಂಡಗೆ ತಿರುಗತೊಡಗಿತು. "ಒಂದೀಟು ತಡಿ. ಚಂದಂಗ ಒರಸಿ ಕೊಡ್ತೀನಿ, ಅಕೀನ ಹೇಳ್ತಾಳ."